ಹಳೆಯ ಕಟ್ಟಡದಲ್ಲಿ ಆರ್ಕಿಟೆಕ್ಟ್‌ನ ಕೈ ಕಾಣಬೇಕೇ? ಪರ–ವಿರೋಧ

ಒಂದು ಹಳೆಯ ಸಾರ್ವಜನಿಕ ಕಟ್ಟಡ. ಮ್ಯೂಸಿಯಂ ಇರಬಹುದು, ಸಂಸತ್ ಭವನ ಇರಬಹುದು, ರೈಲು ನಿಲ್ದಾಣ ಇರಬಹುದು. ಅದನ್ನು ನವೀಕರಿಸುವ ಕೆಲಸ ಒಂದು ಆರ್ಕಿಟೆಕ್ಟ್ ಸಂಸ್ಥೆಗೆ ಸಿಗುತ್ತದೆ. ಅವರು ಹೊಸದಾಗಿ ಸೇರಿಸುವ ಭಾಗ ಹೊಸದೆಂದು ಕಣ್ಣಿಗೆ ಕಾಣಬೇಕೇ? ಇಲ್ಲವೇ ಯಾರೂ ಕೈ ಹಾಕಿಯೇ ಇಲ್ಲ ಎನ್ನುವ ಹಾಗೆ ಹಳೆಯದರಲ್ಲಿ ಬೆರೆತುಹೋಗಬೇಕೇ? ಈ ಜಗಳಕ್ಕೆ ನೂರೈವತ್ತು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ. ಎರಡೂ ಕಡೆಯ ವಾದ ಇಲ್ಲಿದೆ.

ಪರ: ಹೊಸದು ಹೊಸದಾಗಿಯೇ ಕಾಣಲಿ

ಬರ್ಲಿನ್‌ನ ನೊಯೆಸ್ ಮ್ಯೂಸಿಯಂನಿಂದಲೇ ಶುರು ಮಾಡುತ್ತೇನೆ. ಈ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ. 19ನೇ ಶತಮಾನದ ನಡುವಿನಲ್ಲಿ ಫ್ರೀಡ್ರಿಶ್ ಆಗಸ್ಟ್ ಸ್ಟ್ಯೂಲರ್ ಕಟ್ಟಿಸಿದ ಮ್ಯೂಸಿಯಂ ಅದು. ಎರಡನೇ ಮಹಾಯುದ್ಧದ ಬಾಂಬಿಗೆ ಸಿಕ್ಕಿ ಒಡೆದುಹೋಯಿತು. ಆಮೇಲೆ ಎಷ್ಟೋ ದಶಕ ಮಳೆ ಗಾಳಿಗೆ ಮೈಯೊಡ್ಡಿಕೊಂಡೇ ನಿಂತಿತ್ತು. 1997ರಲ್ಲಿ ಕೆಲಸ ಡೇವಿಡ್ ಚಿಪ್ಪರ್‌ಫೀಲ್ಡ್ ಸಂಸ್ಥೆಗೆ ಬಂತು. ಸಂರಕ್ಷಣೆಯಲ್ಲಿ ಪಳಗಿದ ಜೂಲಿಯನ್ ಹ್ಯಾರಪ್ ಜೊತೆಗಿದ್ದರು. ಯುದ್ಧಕ್ಕೆ ಮುಂಚೆ ಹೇಗಿತ್ತೋ ಹಾಗೇ ಕಟ್ಟಿಕೊಡಿ ಎಂದು ಊರಿನಲ್ಲಿ ಜೋರು ಒತ್ತಾಯವೇ ನಡೆಯಿತು.

ಅವರು ಹಾಗೆ ಮಾಡಲಿಲ್ಲ. ಉಳಿದಿದ್ದ ಗಾರೆ, ಗೋಡೆಚಿತ್ರ, ಕಂಬ ಎಲ್ಲವನ್ನೂ ಇದ್ದ ಸ್ಥಿತಿಯಲ್ಲೇ ಭದ್ರ ಮಾಡಿದರು. ಕಳೆದುಹೋದ ಕಡೆ ಮಾತ್ರ ಹೊಸದನ್ನು ಕಟ್ಟಿದರು. ಪೂರ್ತಿ ಬಿದ್ದುಹೋದ ಭಾಗಗಳ ಗೋಡೆಗೆ ಬೇರೆ ಕಟ್ಟಡಗಳ ಹಳೆಯ ಇಟ್ಟಿಗೆ ತಂದು ಬಳಸಿದರು. ನಡುವಿನ ದೊಡ್ಡ ಮೆಟ್ಟಿಲು ಮೊದಲಿದ್ದ ಜಾಗದಲ್ಲೇ, ಮೊದಲಿದ್ದ ಆಕಾರದಲ್ಲೇ ಏಳುತ್ತದೆ. ಆದರೆ ಅದು ಬಿಳಿ ಸಿಮೆಂಟಿಗೆ ಅಮೃತಶಿಲೆಯ ಚೂರು ಬೆರೆಸಿದ ಕಾಂಕ್ರೀಟಿನದು. ಹಳೆಯ ಮೆಟ್ಟಿಲಿನ ಕೆತ್ತನೆಯನ್ನು ನಕಲು ಮಾಡಿಲ್ಲ. 2009ರಲ್ಲಿ ಬಾಗಿಲು ತೆರೆಯಿತು. ಯಾವುದು ಸ್ಟ್ಯೂಲರ್‌ನದು, ಯಾವುದು ನಮ್ಮ ಕಾಲದ್ದು ಎಂದು ಅಲ್ಲಿ ಮಗು ಕೂಡ ಬೆರಳು ಮಾಡಿ ತೋರಿಸಬಹುದು.

ಕಟ್ಟಡವೂ ಒಂದು ದಾಖಲೆ. ಅದರ ಮೈಮೇಲಿನ ಗಾಯವೂ ಆ ದಾಖಲೆಯ ಭಾಗ. ಬಿದ್ದ ಗೋಡೆಯ ಜಾಗಕ್ಕೆ ನಕಲು ತಂದು ನಿಲ್ಲಿಸಿದರೆ, ಬಾಂಬು ಬಿದ್ದೇ ಇರಲಿಲ್ಲ ಎಂದು ಮುಂದಿನವರಿಗೆ ಹೇಳಿದ ಹಾಗಾಗುತ್ತದೆ, ಅಲ್ವಾ?

ಇಟಲಿಯ ವೆರೋನಾದಲ್ಲಿ ಕಾಸ್ಟೆಲ್‌ವೆಕ್ಕಿಯೊ ಎಂಬ ಕೋಟೆಯಿದೆ. ಅದರ ಅಂಗಳದಲ್ಲಿದ್ದ ಸೈನಿಕರ ವಸತಿ ಕಟ್ಟಡಕ್ಕೆ 1920ರ ದಶಕದಲ್ಲಿ ಹಳೆಯ ಗೋಥಿಕ್ ಕಿಟಕಿ, ಬಾಗಿಲುಗಳನ್ನು ತಂದು ಕೂರಿಸಿದ್ದರು. ನೋಡಿದವರು ಅದನ್ನು ಮಧ್ಯಯುಗದ ಅರಮನೆ ಎಂದೇ ತಿಳಿಯಬೇಕಿತ್ತು. ಆಮೇಲೆ ಅದನ್ನು ಮ್ಯೂಸಿಯಂ ಆಗಿ ತಿದ್ದಲು ಆರ್ಕಿಟೆಕ್ಟ್ ಕಾರ್ಲೊ ಸ್ಕಾರ್ಪ ಬಂದರು. ಹೊಸ ಕಿಟಕಿ ಚೌಕಟ್ಟುಗಳನ್ನು ಆ ಗೋಥಿಕ್ ಮುಖದ ಹಿಂದಕ್ಕೆ ಸರಿಸಿ ನಿಲ್ಲಿಸಿದರು. ಹೊಸ ನೆಲ ಹಳೆಯ ಗೋಡೆಗೆ ತಾಗದಂತೆ ಸುತ್ತಲೂ ಸಣ್ಣ ಸಂದು ಬಿಟ್ಟರು. ಆ ಸಂದು ನನಗೆ ತುಂಬಾ ಇಷ್ಟ. ಹಳೆಯದನ್ನು ಎಷ್ಟು ಗೌರವದಿಂದ ಮುಟ್ಟಬಹುದು ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ. ಆ ಮ್ಯೂಸಿಯಂ ತೆರೆದದ್ದು 1964ರಲ್ಲಿ. ಅದೇ ವರ್ಷ ರೂಪುಗೊಂಡ ವೆನಿಸ್ ಸನ್ನದು, ಅಂದರೆ ಹಳೆಯ ಕಟ್ಟಡಗಳ ಸಂರಕ್ಷಣೆಗೆ ಮಾಡಿದ ಅಂತರರಾಷ್ಟ್ರೀಯ ನಿಯಮಪತ್ರ, ಇದೇ ಮಾತನ್ನು ನಿಯಮವಾಗಿ ಬರೆಯಿತು. ಕಳೆದುಹೋದ ಭಾಗಕ್ಕೆ ತುಂಬಿದ್ದು ಒಟ್ಟು ಕಟ್ಟಡಕ್ಕೆ ಹೊಂದಬೇಕು, ಆದರೆ ಮೂಲದಿಂದ ಬೇರೆ ಎಂದು ತಿಳಿಯಬೇಕು.

ಇನ್ನೊಂದು ಮಾತಿದೆ. ಕಟ್ಟಡದ ಕೆಲಸ ಹತ್ತಿರದಿಂದ ಕಂಡವರು ಇದನ್ನು ಬೇಗ ಒಪ್ಪುತ್ತಾರೆ. ಎಷ್ಟೋ ಸಲ ಕಾಣದ ಹಾಗೆ ಸೇರಿಸುವುದೇ ಹೆಚ್ಚು ಹಾನಿ ಮಾಡುತ್ತದೆ. ಸಾರ್ವಜನಿಕ ಕಟ್ಟಡಕ್ಕೆ ಲಿಫ್ಟ್ ಬೇಕು, ಗಾಲಿಕುರ್ಚಿಗೆ ಇಳಿಜಾರು ಬೇಕು, ಬೆಂಕಿ ಬಿದ್ದರೆ ಓಡಲು ದಾರಿ ಬೇಕು. ವೈರು, ಕೊಳವೆ ಎಲ್ಲ ಹಾಯಬೇಕು. ಇದನ್ನೆಲ್ಲ ಮುಚ್ಚಿಡಲು ಹೋದರೆ ಗೋಡೆ ಕೊರೆಯಬೇಕು, ನೆಲ ಅಗೆಯಬೇಕು, ಹಳೆಯ ಛಾವಣಿಯ ಕೆಳಗೆ ಇನ್ನೊಂದು ಛಾವಣಿ ತೂಗುಹಾಕಬೇಕು. ಅದರ ಬದಲು ಒಂದು ಉಕ್ಕಿನ ಮೆಟ್ಟಿಲನ್ನೋ ಗಾಜಿನ ಲಿಫ್ಟನ್ನೋ ಗೋಡೆಯಿಂದ ಒಂದು ಗೇಣು ದೂರ, ತನ್ನ ಕಾಲ ಮೇಲೆ ತಾನೇ ನಿಲ್ಲುವಂತೆ ಇಟ್ಟರೆ? ಗೋಡೆ ಹಾಗೇ ಉಳಿಯುತ್ತದೆ. ನಾಳೆ ಬೇಡವೆನಿಸಿದರೆ ಬಿಚ್ಚಿ ತೆಗೆಯಬಹುದು.

ಬರ್ಲಿನ್‌ನದೇ ಇನ್ನೊಂದು ಕಟ್ಟಡ, ಜರ್ಮನಿಯ ಸಂಸತ್ತು ಕೂರುವ ರೈಖ್‌ಸ್ಟಾಗ್, ಮುಚ್ಚಿಡುವುದು ಮತ್ತು ತೋರಿಸುವುದು ಎರಡನ್ನೂ ಕಂಡಿದೆ. 1945ರಲ್ಲಿ ಸೋವಿಯತ್ ಸೈನಿಕರು ಅದರ ಗೋಡೆಗಳ ಮೇಲೆ ತಮ್ಮ ಹೆಸರು, ಊರು ಗೀಚಿದ್ದರು. 1960ರ ದಶಕದ ನವೀಕರಣದಲ್ಲಿ ಆ ಬರಹಗಳ ಮೇಲೆ ಹಲಗೆ ಬಿತ್ತು. ನಾರ್ಮನ್ ಫಾಸ್ಟರ್ ಸಂಸ್ಥೆ ಕೈ ಹಾಕಿದಾಗ ಹಲಗೆ ಸರಿದು ಬರಹ ಮತ್ತೆ ಬೆಳಕಿಗೆ ಬಂತು. ಅವನ್ನು ಉಳಿಸಿಕೊಂಡರು. ಮೇಲೆ ಹೊಸ ಗಾಜಿನ ಗುಮ್ಮಟ ಬಂತು. 1999ರಿಂದ ಜನ ಅದರೊಳಗೆ ಸುತ್ತುದಾರಿಯಲ್ಲಿ ಹತ್ತುತ್ತಾರೆ. ತಮ್ಮ ಪ್ರತಿನಿಧಿಗಳು ಕೂರುವ ಸಭಾಂಗಣ ಕಾಲ ಕೆಳಗೆ ಇರುತ್ತದೆ. ಹಳೆಯ ಗುಮ್ಮಟವನ್ನು ಸುಮ್ನೆ ನಕಲು ಮಾಡಿದ್ದರೆ ಪ್ರಜೆಗೆ ಈ ಜಾಗ ಸಿಗುತ್ತಿರಲಿಲ್ಲ.

"ಹಳೆಯದು ಹೇಗಿತ್ತೋ ಹಾಗೇ ಇರಲಿ" ಎನ್ನುವವರು ಯಾವ ಹಳೆಯದು ಎಂಬುದನ್ನೂ ಹೇಳಬೇಕು. 2019ರ ಏಪ್ರಿಲ್ 15ರ ಬೆಂಕಿಯಲ್ಲಿ ಪ್ಯಾರಿಸ್‌ನ ನೋಟ್ರ ಡಾಮ್ ಚರ್ಚಿನ ಶಿಖರ ಉರುಳಿದ್ದನ್ನು ಲೋಕವೇ ನೋಡಿತು. ಆ ಶಿಖರ ಮಧ್ಯಯುಗದ್ದಲ್ಲ. 19ನೇ ಶತಮಾನದಲ್ಲಿ ವಿಯೊಲೆ-ಲ-ದ್ಯುಕ್ ಎಂಬ ಆರ್ಕಿಟೆಕ್ಟ್ ತನ್ನ ಕಲ್ಪನೆಯಂತೆ ಏರಿಸಿದ್ದು. ಆತನ ಕೈಗೆ ಸಿಕ್ಕ ಅವಕಾಶ ನಮ್ಮ ಕಾಲದ ಕೈಗೆ ಏಕೆ ಬೇಡ?

ವಿರೋಧ: ಕಾಣದ ಕೈಯೇ ಬೇಕು

ನೊಯೆಸ್ ಮ್ಯೂಸಿಯಂ ಬಗ್ಗೆ ನನಗೂ ಗೌರವವಿದೆ. ಆದರೆ ಕೆಲಸ ಒಪ್ಪಿಸಿದ್ದು 1997ರಲ್ಲಿ, ಬಾಗಿಲು ತೆರೆದದ್ದು 2009ರಲ್ಲಿ. ಅಷ್ಟು ಕಾಲ, ಅಷ್ಟು ಹಣ, ಅಂಥ ತಂಡ ಎಷ್ಟು ಕಟ್ಟಡಗಳ ಪಾಲಿಗೆ ಬರುತ್ತದೆ? ಬೆರಳೆಣಿಕೆಯ ಮೇರುಕೃತಿಗಳನ್ನು ತೋರಿಸಿ ಒಂದು ನಿಯಮ ಮಾಡುತ್ತೇವೆ. ಆಮೇಲೆ ಆ ನಿಯಮ ಸಾವಿರಾರು ಸಾಧಾರಣ ಕೈಗಳಿಗೆ ಪರವಾನಗಿಯಾಗುತ್ತದೆ. ಹಳೆಯ ಗ್ರಂಥಾಲಯದ ಪಕ್ಕಕ್ಕೆ ಗಾಜಿನ ಪೆಟ್ಟಿಗೆ, ಹಳೆಯ ನ್ಯಾಯಾಲಯದ ತಲೆಯ ಮೇಲೆ ಲೋಹದ ಹೊದಿಕೆ. ಯಾವುದೇ ಊರಿನಲ್ಲಿಟ್ಟರೂ ಒಂದೇ ಥರ ಕಾಣುವಂಥವು. ಟೊರಾಂಟೊದ ರಾಯಲ್ ಒಂಟಾರಿಯೊ ಮ್ಯೂಸಿಯಂಗೆ 2007ರಲ್ಲಿ ಡೇನಿಯಲ್ ಲಿಬೆಸ್ಕಿಂಡ್ ದೊಡ್ಡ ಸ್ಫಟಿಕದಂಥ ಭಾಗ ಸೇರಿಸಿದರು. ಓರೆ ಗೋಡೆಗಳ ಕೋಣೆಯಲ್ಲಿ ವಸ್ತುಗಳನ್ನು ಜೋಡಿಸಿಡುವುದೇ ಕಷ್ಟ. ಇಪ್ಪತ್ತು ವರ್ಷ ತುಂಬುವ ಮೊದಲೇ ಅದನ್ನು ತಿದ್ದುವ ಕೆಲಸ ಶುರುವಾಯಿತು. ಹೊಸದು ಇಷ್ಟು ಬೇಗ ಹಳತಾಗುತ್ತದೆ.

ನನಗೆ ಇದಕ್ಕಿಂತ ದೊಡ್ಡ ಭಯ ಹೊಸ ಕೈಯ ಅತಿಯಾದ ಆತ್ಮವಿಶ್ವಾಸದ್ದು. ಅಥೆನ್ಸ್‌ನ ಪಾರ್ಥೆನಾನ್ ಎಂಬ ಪುರಾತನ ದೇಗುಲದ ಕತೆ ನೋಡಿ. ಪುರಾತನ ಗ್ರೀಕರು ಕಲ್ಲಿಗೆ ಕಲ್ಲು ಬಿಗಿಯಲು ಕಬ್ಬಿಣದ ಕೊಂಡಿ ಬಳಸಿದ್ದರು. ಆ ಕೊಂಡಿಯ ಸುತ್ತ ಸೀಸ ಕರಗಿಸಿ ಸುರಿಯುತ್ತಿದ್ದರು. ತೇವ ತಾಗದೆ ಕಬ್ಬಿಣ ಎರಡು ಸಾವಿರ ವರ್ಷ ತಾಳಿತು. 20ನೇ ಶತಮಾನದ ಮೊದಲ ಭಾಗದಲ್ಲಿ ನಿಕೊಲಾಸ್ ಬಲಾನೋಸ್ ಅಲ್ಲಿ ದೊಡ್ಡ ಪ್ರಮಾಣದ ದುರಸ್ತಿ ಮಾಡಿದರು. ಆ ಕಾಲಕ್ಕೆ ಅದು ಆಧುನಿಕ ಕೆಲಸ. ಹೊಸ ಕಬ್ಬಿಣ ಹಾಕಿದರು, ಸೀಸ ಬಿಟ್ಟರು. ಕಬ್ಬಿಣ ತುಕ್ಕು ಹಿಡಿದು ಉಬ್ಬಿತು. ಅಮೃತಶಿಲೆಯನ್ನು ಒಳಗಿನಿಂದಲೇ ಸೀಳಿತು. ಎಷ್ಟೋ ಕಲ್ಲುಗಳನ್ನು ಅವುಗಳ ಜಾಗ ಬಿಟ್ಟು ಬೇರೆಡೆ ಕೂರಿಸಿದ್ದೂ ಆಮೇಲೆ ಗೊತ್ತಾಯಿತು. 1970ರ ದಶಕದಿಂದ ಈಚೆಗೆ ಅಲ್ಲಿ ನಡೆದ ಕೆಲಸದಲ್ಲಿ ಬಹುಪಾಲು ಈ ದುರಸ್ತಿಯ ದುರಸ್ತಿಯೇ. ಕಬ್ಬಿಣ ತೆಗೆದು ಟೈಟಾನಿಯಂ ಹಾಕುತ್ತಿದ್ದಾರೆ.

ಗಾರೆಯದೂ ಇದೇ ಕತೆ. ಹಳೆಯ ಗೋಡೆಗಳು ಸುಣ್ಣದ ಗಾರೆಯವು. ಮಳೆನೀರು ಒಳಗಿಳಿಯುತ್ತದೆ, ಬಿಸಿಲು ಬಂದಾಗ ಗಾರೆಯ ಸಂದಿಯಿಂದ ಆವಿಯಾಗಿ ಹೋಗುತ್ತದೆ. ಗಟ್ಟಿಯಾಗಲಿ ಎಂದು ಅದರ ಮೇಲೆ ಸಿಮೆಂಟ್ ಮೆತ್ತಿದರೆ ನೀರಿಗೆ ಹೊರಗೆ ಹೋಗುವ ದಾರಿ ಮುಚ್ಚುತ್ತದೆ. ಅದು ಇಟ್ಟಿಗೆಯಲ್ಲೇ ನಿಲ್ಲುತ್ತದೆ. ಉಪ್ಪು ಕಟ್ಟುತ್ತದೆ, ಇಟ್ಟಿಗೆಯ ಮುಖ ಪದರ ಪದರವಾಗಿ ಉದುರುತ್ತದೆ. ಸಿಮೆಂಟ್ ಮಾತ್ರ ಗಟ್ಟಿಯಾಗೇ ಇರುತ್ತದೆ. ಹಳೆಯ ಕೈಗೆ ಏನು ಗೊತ್ತಿತ್ತು ಎಂದು ಕಲಿಯದ ಹೊಸ ಕೈಯನ್ನು ಕಟ್ಟಡದ ಹತ್ತಿರ ಬಿಡಬಾರದು. ಬಿಚ್ಚಿ ತೆಗೆಯಬಹುದು ಎಂಬ ಮಾತೂ ನನಗೆ ಸಮಾಧಾನ ಕೊಡುವುದಿಲ್ಲ. ಲಿಫ್ಟಿಗೂ ಅಡಿಪಾಯ ಅಗೆಯಬೇಕು. ಒಮ್ಮೆ ನಿಂತದ್ದನ್ನು ಬಿಚ್ಚಲು ಮುಂದೆ ಹಣ ಕೊಡುವವರು ಯಾರು?

ಪ್ರಾಮಾಣಿಕತೆಯ ವಾದ ಗಂಭೀರವಾದದ್ದು. ನಾನದನ್ನು ತಳ್ಳಿಹಾಕುವುದಿಲ್ಲ. ಆದರೆ ಪ್ರಾಮಾಣಿಕವಾಗಿರಲು ಕಟ್ಟಡದ ಮುಖವನ್ನೇ ಎರಡು ಭಾಗ ಮಾಡಬೇಕಿಲ್ಲ. ಹೊಸ ಕಲ್ಲಿನ ಮೇಲೆ ಇಸವಿ ಕೊರೆಯಬಹುದು. ಪ್ರತಿ ತೊಲೆ, ಪ್ರತಿ ಕಲ್ಲಿನ ನಕ್ಷೆ ಇಟ್ಟು ಎಲ್ಲರಿಗೂ ಸಿಗುವಂತೆ ಮಾಡಬಹುದು. ಪರದ ವಾದ ನೆಚ್ಚಿಕೊಂಡ ವೆನಿಸ್ ಸನ್ನದೇ ಸಂರಕ್ಷಣೆಯ ವಿಷಯಕ್ಕೆ ಬಂದಾಗ ಎಲ್ಲಕ್ಕಿಂತ ಮೊದಲು ನಿರಂತರ ನಿರ್ವಹಣೆಯ ಮಾತಾಡುತ್ತದೆ. ಅದಕ್ಕೂ ಮುಂಚೆ, 1877ರಲ್ಲಿ, ವಿಲಿಯಂ ಮಾರಿಸ್ ಲಂಡನ್‌ನಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದ್ದೂ ಇದೇ ಕಾರಣಕ್ಕೆ. ಆಗಿನ ಉತ್ಸಾಹಿ ನವೀಕರಣಕಾರರು ಚರ್ಚುಗಳ ಗೋಡೆ ಕೆರೆದು ಹೊಸದಾಗಿಸುತ್ತಿದ್ದರು.

ಮತ್ತೆ, ಈ ಕಟ್ಟಡ ಯಾರದು? 1944ರಲ್ಲಿ ಹಿಟ್ಲರನ ಸೈನ್ಯ ವಾರ್ಸಾ ನಗರವನ್ನು ಬೇಕೆಂದೇ ನೆಲಸಮ ಮಾಡಿತು. ಅಲ್ಲಿನ ಜನ 18ನೇ ಶತಮಾನದ ವರ್ಣಚಿತ್ರಗಳನ್ನೂ ಉಳಿದ ನಕ್ಷೆಗಳನ್ನೂ ನೋಡಿಕೊಂಡು ಹಳೆಯ ಪೇಟೆಯನ್ನು ಮೊದಲಿನ ಹಾಗೇ ಎಬ್ಬಿಸಿದರು. ಅದು ಸುಳ್ಳು ಎಂದು ಅವರಿಗೆ ಹೇಳುವ ಹಕ್ಕು ಯಾವ ಆರ್ಕಿಟೆಕ್ಟ್‌ಗಿದೆ? 1980ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗಾಯವನ್ನು ತೋರಿಸಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ಗಾಯ ಉಂಡವರು.

ನೋಟ್ರ ಡಾಮ್ ವಿಷಯಕ್ಕೂ ಬರುತ್ತೇನೆ. ಬೆಂಕಿಯ ನಂತರ ಗಾಜಿನ ಛಾವಣಿ, ಛಾವಣಿಯ ಮೇಲೆ ತೋಟ ಎಂದೆಲ್ಲ ಯೋಜನೆಗಳು ಬಂದವು. ಕೊನೆಗೆ ಇದ್ದ ಹಾಗೇ ಕಟ್ಟುವುದು ಎಂದಾಯಿತು. ಬಡಗಿಗಳು ಓಕ್ ಮರದ ತೊಲೆಗಳನ್ನು ಕೊಡಲಿಯಿಂದಲೇ ಕೆತ್ತಿ ಹಳೆಯ ರೀತಿಯಲ್ಲೇ ಜೋಡಿಸಿದರು. 2024ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು. ಅಲ್ಲಿ ಉಳಿದದ್ದು ಬರೀ ಛಾವಣಿಯಲ್ಲ. ಅಂಥ ಛಾವಣಿ ಕಟ್ಟಬಲ್ಲ ಹೊಸ ತಲೆಮಾರಿನ ಕೆಲಸಗಾರರೂ ತಯಾರಾದರು. ಗಾಜು-ಉಕ್ಕು ಹಾಕಿದ್ದರೆ ಆ ಕಸುಬಿಗೆ ಏನು ಸಿಗುತ್ತಿತ್ತು?

ಕೊನೆಗೆ ಹಣದ ಮಾತು. ಎಷ್ಟೋ ಕಡೆ ಆರ್ಕಿಟೆಕ್ಟ್ ಶುಲ್ಕ ಒಟ್ಟು ಖರ್ಚಿನಲ್ಲಿ ಇಷ್ಟು ಪಾಲು ಎಂದು ಗೊತ್ತಾಗಿರುತ್ತದೆ. ಕೆಲಸ ದೊಡ್ಡದಾದಷ್ಟೂ ಶುಲ್ಕ ದೊಡ್ಡದು. ಸೋರುವ ಮೋರಿ ಸರಿ ಮಾಡಿಸಿದ ಸಂಸ್ಥೆಯ ಚಿತ್ರ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಇದಕ್ಕೆ ಸಿಲುಕದವರೂ ಇದ್ದಾರೆ. 1996ರಲ್ಲಿ ಫ್ರಾನ್ಸ್‌ನ ಬೋರ್ಡೊದಲ್ಲಿ ಒಂದು ಸಣ್ಣ ಚೌಕವನ್ನು ಅಂದಗೊಳಿಸಲು ಆನ್ ಲಕಾತೊ ಮತ್ತು ಜಾನ್-ಫಿಲಿಪ್ ವಾಸಾಲ್ ಅವರ ಸಂಸ್ಥೆಯನ್ನು ಕೇಳಿದರು. ಅವರು ಹೋಗಿ ನೋಡಿದರು, ಅಲ್ಲಿನವರ ಜೊತೆ ಮಾತಾಡಿದರು. ಚೌಕ ಈಗಲೇ ಚೆನ್ನಾಗಿದೆ ಎಂದರು. ಜಲ್ಲಿ ಬದಲಿಸಿ, ಮರಗಳಿಗೆ ಆರೈಕೆ ಮಾಡಿ, ಆಗಾಗ ಗುಡಿಸಿ ಎಂದಷ್ಟೇ ಬರೆದುಕೊಟ್ಟರು. 2021ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು.

ಕೆಲಸ ಕೊಡುವವರು ಇಂಥ ವರದಿಗೂ ಪೂರ್ತಿ ಶುಲ್ಕ ಕೊಡಲಿ. ವಿನ್ಯಾಸ ಕೇಳುವ ಮೊದಲು ಒಂದು ಮಳೆಗಾಲ, ಒಂದು ಬೇಸಿಗೆ ಕಟ್ಟಡವನ್ನು ಗಮನಿಸಲು ಸಂಸ್ಥೆಗೆ ಸಮಯ ಕೊಡಲಿ. ಮುಂದಿನ ಹತ್ತು ವರ್ಷದ ನಿರ್ವಹಣೆಯ ಖರ್ಚನ್ನೂ ನವೀಕರಣದ ಅಂದಾಜುಪಟ್ಟಿಯಲ್ಲೇ ಸೇರಿಸಲಿ.