ತಲೆಯೊಳಗಿನ ನೀರು, ಜಗಲಿ ಮೇಲಿನ ನಿದ್ದೆ

ಭಾವನ ನಿದ್ದೆ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ಭಾವ ಅಂದರೆ ಸೋದರತ್ತೆ ಮಗ. ಶಿರಸಿ ಹತ್ತಿರ ಅಡಿಕೆ ತೋಟ. ವಯಸ್ಸು 34.

ಕೊನೆಕೊಯ್ಲಿನ ಹೊತ್ತು. ಅಂಗಳದಲ್ಲಿ ಅಡಿಕೆ ಹರಡುತ್ತಿದ್ದವನು "ತಲೆ ಸಿಡೀತಾ ಇದ್ದು" ಅಂತ ಕುಸಿದು ಕೂತ. ವಾಂತಿ. ಪಿತ್ತ ಇರಬೇಕು ಅಂತ ಅತ್ತೆ ನಿಂಬೆ ಶರಬತ್ತು ತಂದರು. ಲೋಟ ಹಿಡಿಯುವಷ್ಟರಲ್ಲಿ ಮಾತು ತೊದಲಿತು. ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಬೇಕು ಅಂತ 2019ರಲ್ಲಿ ಟ್ವಿಟರ್‌ನಲ್ಲಿ ಕೂಗಿದ್ದೆವಲ್ಲ, ಆಂಬುಲೆನ್ಸ್‌ನಲ್ಲಿ ಕೂತಾಗ ಅದು ನೆನಪಾಯಿತು.

ಸ್ಕ್ಯಾನ್‌ನಲ್ಲಿ ಎವಿಎಂ ಅಂತ ಬಂತು. ಅಂದರೆ ಮಿದುಳಿನ ರಕ್ತನಾಳಗಳ ಸಿಕ್ಕು. ಹೃದಯದಿಂದ ಜೋರಾಗಿ ಬರುವ ರಕ್ತ ಕೂದಲಿಗಿಂತ ಸಣ್ಣ ನಾಳಗಳಲ್ಲಿ ಹಂಚಿ ಹೋಗಿ, ಆಮೇಲೆ ವಾಪಸ್ ನಾಳ ಸೇರಬೇಕು. ಇಲ್ಲಿ ನಡುವಿನ ಆ ಸಣ್ಣ ನಾಳಗಳೇ ಇಲ್ಲ. ಒತ್ತಡಕ್ಕೆ ಗೋಡೆ ಒಡೆದು ರಕ್ತ ಸೋರಬಹುದು. ಹೆಚ್ಚಿನವರಿಗೆ ಇದು ಹುಟ್ಟಿನಿಂದಲೇ ಇರುತ್ತದೆ, ಒಡೆಯುವವರೆಗೆ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. (ಊರಲ್ಲಿ ಮಾತ್ರ ಮೊಬೈಲ್ ಜಾಸ್ತಿ ನೋಡಿದ್ದಕ್ಕೆ ಅಂತ ತೀರ್ಮಾನ ಆಗಿತ್ತು.)

ನಾವು ಎಡವಿದ್ದು ಆಮೇಲೆ. ಮಿದುಳು ದಿನಕ್ಕೆ ಹತ್ತಿರ ಹತ್ತಿರ ಅರ್ಧ ಲೀಟರ್ ನೀರಿನಂಥ ದ್ರವ ತಯಾರಿಸುತ್ತದೆ. ಒಂದು ಹೊತ್ತಿಗೆ ಮಿದುಳು, ಬೆನ್ನುಹುರಿ ಸೇರಿ ಇರುವುದು ಸುಮಾರು 150 ಎಂಎಲ್, ಉಳಿದದ್ದು ರಕ್ತಕ್ಕೆ ಸೇರಿ ಹೋಗುತ್ತಿರುತ್ತದೆ. ಸೋರಿದ ರಕ್ತ ಆ ದಾರಿಗೆ ಅಡ್ಡ ಬಂದರೆ ನೀರು ತಲೆಯೊಳಗೇ ತುಂಬಿಕೊಳ್ಳುತ್ತದೆ. ಮೊದಲ ದಿನಗಳಲ್ಲಿ ತಲೆಗೆ ನಳಿಕೆ ಹಾಕಿ ಹೊರಗಿನ ಚೀಲಕ್ಕೆ ಇಳಿಸಿದ್ದರು. ಅದನ್ನು ತೆಗೆದ ಮೇಲೆ ಎಲ್ಲ ಮುಗಿಯಿತು ಅಂದುಕೊಂಡೆವು.

ಮನೆಗೆ ಬಂದು ಮೂರು ವಾರಕ್ಕೆ ಭಾವ ಮಂಕಾದ. ಕವಳದ ಬಟ್ಟಲು ಮುಂದಿಟ್ಟುಕೊಂಡು, ಎಲೆಗೆ ಸುಣ್ಣ ಹಚ್ಚಿ, ಹಾಗೇ ಕೂತಿರುತ್ತಿದ್ದ. ಕಾಲು ಎಳೆದು ನಡೆಯುತ್ತಿದ್ದ. ಎರಡು ಸಲ ಪಂಚೆ ಒದ್ದೆಯಾಯಿತು. ಅವನ ಮಾನದ ವಿಷಯ ಅಂತ ಯಾರೂ ಬಾಯಿ ಬಿಡಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿ ಕೇಳಿದರೆ "ಮಾತ್ರೆ ಮಂಪರು, ಚೆನ್ನಾಗಿ ಮಲಗಲಿ" ಅಂದರು. ನಾವೂ ಸುಮ್ನೆ ಮಲಗಿಸಿದೆವು. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ, ನಮ್ಮ ಮೇಲೂ. ಡಿಸ್ಚಾರ್ಜ್ ದಿನ ಬಿಲ್ಲಿನ ಬಗ್ಗೆ ಅರ್ಧ ಗಂಟೆ ಮಾತಾಡಿದವರು ಈ ನಿದ್ದೆಯ ಬಗ್ಗೆ ಒಂದು ಮಾತು ಹೇಳಬಹುದಿತ್ತು, ಅಲ್ವಾ? ನಾವಾದರೂ ಕೇಳಬಹುದಿತ್ತು.

ಮತ್ತೆ ಸ್ಕ್ಯಾನ್, ಮತ್ತೆ ನೀರು. ಆ ಮಂಪರು ಮಾತ್ರೆಯದ್ದಲ್ಲ, ನೀರಿನದ್ದು. ಈ ಸಲ ಶಂಟ್ ಹಾಕಿದರು. ಚರ್ಮದ ಒಳಗೇ ತಲೆಯಿಂದ ಹೊಟ್ಟೆವರೆಗೆ ನಳಿಕೆ. ಕುತ್ತಿಗೆ ಪಕ್ಕ ಬೆರಳಾಡಿಸಿದರೆ ದಪ್ಪ ನೂಲಿನ ಹಾಗೆ ಸಿಗುತ್ತದೆ. ಅದೂ ಕಟ್ಟಿಕೊಳ್ಳಬಹುದಂತೆ. ಆಗಲೂ ಕಾಣುವುದು ತಲೆನೋವು, ವಾಂತಿ, ಮಂಪರೇ.

ಈಗ ತೋಟಕ್ಕೆ ಹೋಗುತ್ತಾನೆ. ಮಧ್ಯಾಹ್ನ ಊಟ ಮಾಡಿ ಹತ್ತು ನಿಮಿಷ ಜಾಸ್ತಿ ಮಲಗಿದರೆ ಅತ್ತಿಗೆ ಅಲುಗಾಡಿಸಿ ಎಬ್ಬಿಸಿ "ಇವತ್ತು ಯಾವ ವಾರ ಹೇಳಿ" ಅಂತ ಕೇಳುತ್ತಾರೆ. ಭಾವನಿಗೆ ಅದೊಂದೇ ಸಿಟ್ಟು.