ಬದನೆಯ ಮೇಲಿನ ತಡೆಗೂ ಒಂದು ಬೆಲೆಯಿದೆ

ಕುಲಾಂತರಿ ಬೆಳೆಗಳನ್ನು, ಅಂದರೆ ಬೇರೆ ಜೀವಿಯ ವಂಶವಾಹಿ ಸೇರಿಸಿದ ಬೆಳೆಗಳನ್ನು, ತಡೆಹಿಡಿದರೆ ಯಾರಿಗೂ ನಷ್ಟವಿಲ್ಲ, ಅವಸರಪಟ್ಟರೆ ಮಾತ್ರ ಅಪಾಯ ಎಂದು ಈ ವಿಷಯದ ಲೇಖನವೊಂದರಲ್ಲಿ ಲೇಖಕರು ಮಂಡಿಸಿದ ವಾದವನ್ನು ಪೂರ್ತಿಯಾಗಿ ಒಪ್ಪಲಾರೆ. 2009ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ತಜ್ಞರ ಸಮಿತಿಯು ಬಿಟಿ ಬದನೆಗೆ, ಅಂದರೆ ಬ್ಯಾಕ್ಟೀರಿಯಾವೊಂದರ ವಂಶವಾಹಿ ಸೇರಿಸಿ ಕಾಯಿಕೊರಕ ಹುಳುವನ್ನು ತಾನೇ ಎದುರಿಸುವಂತೆ ಮಾಡಿದ ಬದನೆಗೆ, ಒಪ್ಪಿಗೆ ಸೂಚಿಸಿತ್ತು. ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಜನಾಭಿಪ್ರಾಯ ಕೇಳಿದ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರು 2010ರ ಫೆಬ್ರುವರಿ 9ರಂದು ಅದನ್ನು ತಡೆಹಿಡಿದರು. ಹುಳು ಮಾತ್ರ ಆ ಆದೇಶಕ್ಕೆ ಕಾಯಲಿಲ್ಲ. ಕುಡಿ ಮತ್ತು ಕಾಯಿ ಕೊರಕದ ಮರಿಹುಳು ಕಾಯಿಯೊಳಗೆ ಹೊಕ್ಕು, ಒಳಹೊಕ್ಕ ತೂತನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುವುದರಿಂದ, ಹೊರಗೆ ಹೊಡೆದ ಔಷಧ ಅದಕ್ಕೆ ಸರಿಯಾಗಿ ತಾಗುವುದೇ ಇಲ್ಲ. ಹಾಗಾಗಿ ರೈತರು ಮತ್ತೆ ಮತ್ತೆ ಹೊಡೆಯುತ್ತಾರೆ. ಎಣ್ಣೆಗಾಯಿಯ ಜೊತೆಗೆ ನಮ್ಮ ತಟ್ಟೆಗೆ ಬರುವ ಆ ವಿಷ ಲೇಖಕರ ಮುನ್ನೆಚ್ಚರಿಕೆಯ ಲೆಕ್ಕದಲ್ಲಿ ಏಕೆ ಸೇರಿಲ್ಲ?

ಬಾಂಗ್ಲಾದೇಶವು 2013ರಲ್ಲಿ ಬಿಟಿ ಬದನೆಗೆ ಅನುಮತಿ ನೀಡಿ, ಮರುವರ್ಷ 20 ರೈತರ ಹೊಲಗಳಲ್ಲಿ ಬೇಸಾಯ ಆರಂಭಿಸಿತು. ಕೀಟನಾಶಕದ ಬಳಕೆ ಇಳಿದದ್ದನ್ನು ಅಲ್ಲಿನ ಅಧ್ಯಯನಗಳು ದಾಖಲಿಸಿವೆ. ಅಲ್ಲಿನ ತಳಿಗಳು ಸರ್ಕಾರಿ ಸಂಶೋಧನಾ ಸಂಸ್ಥೆಯವು, ಬೀಜವನ್ನು ರೈತರೇ ಉಳಿಸಿಕೊಳ್ಳಬಹುದು ಎಂಬುದು ಸಣ್ಣ ಸಂಗತಿಯಲ್ಲ.

ಲೇಖಕರ ಆತಂಕ ನಿರಾಧಾರವೆಂದು ನಾನು ಹೇಳುತ್ತಿಲ್ಲ. ಬಿಟಿ ಹತ್ತಿಯಲ್ಲಿ ಗುಲಾಬಿ ಕಾಯಿಕೊರಕ ಎಂಬ ಹುಳು ನಿರೋಧಶಕ್ತಿ ಬೆಳೆಸಿಕೊಂಡದ್ದನ್ನು ನಾವೇ ಕಂಡಿದ್ದೇವೆ. ಮಟ್ಟುಗುಳ್ಳದಂತಹ ಸ್ಥಳೀಯ ಬದನೆ ತಳಿಗೆ ಬಿಟಿ ಬದನೆಯ ಪರಾಗ ಬೆರೆತೀತೆಂಬ ಉಡುಪಿ ಬೆಳೆಗಾರರ ಅಂಜಿಕೆಗೂ ಅರ್ಥವಿದೆ. ಆದರೆ ಯಾವ ಪರೀಕ್ಷೆ, ಎಷ್ಟು ವರ್ಷ, ಯಾರ ಮೇಲ್ವಿಚಾರಣೆಯಲ್ಲಿ ನಡೆದರೆ ತಡೆ ತೆರವಾಗುತ್ತದೆ ಎಂಬುದನ್ನು ಸರ್ಕಾರ ಕಾಲಮಿತಿಯೊಡನೆ ಬರೆದು ಪ್ರಕಟಿಸಲಿ. ಅಲ್ಲಿಯವರೆಗೆ ಇದನ್ನು ಮುನ್ನೆಚ್ಚರಿಕೆ ಎನ್ನುವುದಕ್ಕಿಂತ ಕಡತ ಮುಚ್ಚಿಟ್ಟದ್ದು ಎನ್ನುವುದೇ ಸರಿ.