ತಾರೀಕು ಬದಲಾದದ್ದು ನನಗೆ ಮಾತ್ರ ಗೊತ್ತಾಗಲಿಲ್ಲ

ನಾನು ಓದಿದ ಕನ್ನಡ ಶಾಲೆಗೆ ನೂರು ವರ್ಷ ತುಂಬಿತು. ಉಡುಪಿ ಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಶತಮಾನೋತ್ಸವಕ್ಕೆಂದು ನಾಲ್ಕು ತಿಂಗಳು ಮೊದಲೇ ನಾನಿರುವ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಟಿಕೆಟ್ ಮಾಡಿಸಿದ್ದೆ. ಊರಿಗೆ ಹೋಗಿ ಮುಟ್ಟುವಾಗ ಕಾರ್ಯಕ್ರಮ ಮುಗಿದು ಆರು ದಿನ ಆಗಿತ್ತು. ಶಾಲೆಯ ಅಂಗಳದಲ್ಲಿ ಚಪ್ಪರದ ಕಂಬ ಹೂತಿದ್ದ ಗುಂಡಿಗಳು ಮಾತ್ರ ಇದ್ದವು.

ಮೊದಲು ಗೊತ್ತು ಮಾಡಿದ ದಿನವೇ ಊರಿನ ಹಿರಿಮನೆಯಾದ ಗುತ್ತಿನ ಮನೆಯಲ್ಲಿ ನೇಮ, ಅಂದರೆ ದೈವದ ಕೋಲ, ಬಿತ್ತು. ನೇಮದ ದಿನ ಶಾಲೆಗೆ ಯಾರು ಬರುತ್ತಾರೆ? ಹಾಗಾಗಿ ಒಂದು ವಾರ ಮುಂಚೆಯೇ ಮಾಡುವುದೆಂದು ಆಯಿತು. ಅದು ಸರಿಯೇ, ನಾನು ಊರಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ನನಗೆ ಯಾರೂ ತಿಳಿಸಲಿಲ್ಲ. ಆಮಂತ್ರಣ ಪತ್ರಿಕೆಯ ಫೋಟೋ ವಾಟ್ಸಾಪ್ ಗ್ರೂಪಿಗೆ ಬಂದಾಗ ಉಳಿದದ್ದು ಹತ್ತೇ ದಿನ. ರಜೆ ಬದಲಾಯಿಸಲು ಆಗಲಿಲ್ಲ. ಸಮಿತಿಯ ಕಾರ್ಯದರ್ಶಿ ನನ್ನದೇ ಬೆಂಚಿನಲ್ಲಿ ಕೂತು ಓದಿದವನು. ಫೋನ್ ಮಾಡಿದೆ. "ನಿಂಗೆ ಗೊತ್ತಾಗಿರ್ಬಹುದು ಅಂತ ಗ್ರಹಿಸಿದ್ದು ಮಾರಾಯ. ಊರಲ್ಲಿ ಎಲ್ರಿಗೂ ಗೊತ್ತುಂಟಲ್ಲ" ಎಂದ.

ಊರಲ್ಲಿ ಎಲ್ಲರಿಗೂ ಗೊತ್ತು. ಆ ಮಾತು ಇನ್ನೂ ಚುಚ್ಚುತ್ತದೆ.

ಇಲ್ಲಿ ಆಫೀಸಿನ ನಮ್ಮ ತಂಡದಲ್ಲಿ ಏಳು ಜನ. ನಾಲ್ವರು ಸ್ಟುಟ್‌ಗಾರ್ಟ್, ಒಬ್ಬಳು ಪೋಲೆಂಡ್, ಇಬ್ಬರು ಪುಣೆ. ಮೀಟಿಂಗ್ ಶುರುವಾಗುವ ಮೊದಲು ಕೇಳುವ ಪ್ರಶ್ನೆ ಒಂದೇ: ಇವತ್ತು 'ಪ್ರೊಟೊಕೋಲ್' ಯಾರು ಬರೆಯುತ್ತಾರೆ? ನಡಾವಳಿಗೆ ಜರ್ಮನ್ನರ ಹೆಸರು ಅದು. ಕಂಪ್ಯೂಟರಿನಲ್ಲಿ ಎಲ್ಲರೂ ತೆರೆದಿಟ್ಟ ಒಂದೇ ಹಾಳೆಯಲ್ಲಿ ಒಬ್ಬರು ಬರೆಯುತ್ತಾ ಹೋಗುತ್ತಾರೆ. ಏನು ತೀರ್ಮಾನ ಆಯಿತು, ಯಾರು ಮಾಡಬೇಕು, ಯಾವಾಗ ಮುಗಿಯಬೇಕು. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಯಾರು ಯಾವಾಗ ಏನು ಬದಲಾಯಿಸಿದರು ಅಂತ ಹಾಳೆಯೇ ನೆನಪಿಟ್ಟುಕೊಳ್ಳುತ್ತದೆ. ಒಮ್ಮೆ ಕಾಫಿ ಮೆಷಿನ್ ಹತ್ತಿರ ನಾವಿಬ್ಬರು ಮಾತಾಡಿ ಒಂದು ಕೆಲಸದ ದಿನ ಮುಂದೆ ಹಾಕಿದೆವು. ಜೊತೆಗಿದ್ದವಳು ಕಪ್ಪು ಹಿಡಿದುಕೊಂಡೇ ಹೋಗಿ ಅದನ್ನು ಹಾಳೆಗೆ ಸೇರಿಸಿದಳು. ಪುಣೆಯವರು ನಮ್ಮ ಜೊತೆ ಕಾಫಿ ಕುಡಿಯಲು ಇರಲಿಲ್ಲವಲ್ಲ, ಅದಕ್ಕೆ. ಎದುರಿಗೆ ಇಲ್ಲದವನನ್ನೂ ಲೆಕ್ಕಕ್ಕೆ ಹಿಡಿಯುವ ಈ ಅಭ್ಯಾಸ ನನಗೆ ಬಹಳ ಇಷ್ಟ.

ಇದೇನು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆ ಅಲ್ಲ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಮೆರಿಕದ ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ ಸಭಿಕರ ಎದುರು ಇದನ್ನು ಮಾಡಿ ತೋರಿಸಿದ್ದರು. ಸುಮಾರು 50 ಕಿಲೋಮೀಟರ್ ದೂರದ ಮೆನ್ಲೋ ಪಾರ್ಕಿನಲ್ಲಿದ್ದ ಸಹೋದ್ಯೋಗಿಯ ಮುಖ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ಇಬ್ಬರೂ ಮಾತಾಡುತ್ತಾ ಒಂದೇ ಪರದೆಯ ಮೇಲೆ ಕೆಲಸ ಮಾಡಿದರು. ಮೌಸನ್ನು ಜನರೆದುರು ತೋರಿಸಿದ್ದೂ ಅದೇ ದಿನ. ಆ ಮೌಸು ನಮ್ಮೂರಿಗೂ ಬಂತು. ಒಂದೇ ಹಾಳೆಯಲ್ಲಿ ಕೂಡಿ ಬರೆಯುವುದು ಬರಲಿಲ್ಲ.

ನಮ್ಮ ಶತಮಾನೋತ್ಸವದ ಗ್ರೂಪಿನಲ್ಲಿ ಇನ್ನೂರಕ್ಕೂ ಜಾಸ್ತಿ ಜನ. ಹಳೆ ವಿದ್ಯಾರ್ಥಿಗಳ ಪಟ್ಟಿಗೆಂದು ಎಲ್ಲರೂ ಸೇರಿ ತುಂಬಬಹುದಾದ ಒಂದು ಗೂಗಲ್ ಶೀಟ್ ನಾನು ಮಾಡಿ ಲಿಂಕ್ ಹಾಕಿದೆ. ಅದು ಮಳೆಗಾಲದ ಸ್ವರ್ಣಾ ನದಿಗೆ ಬಿಟ್ಟ ಎಲೆಯಂತೆ ಹೋಯಿತು. ಶುಭೋದಯ, ಹುಟ್ಟುಹಬ್ಬದ ಹಾರೈಕೆ, ಯಾರದೋ ಮನೆಯ ನಾಯಿ ಕಾಣೆ. ಅಷ್ಟರ ಅಡಿಯಲ್ಲಿ ಹುಡುಕುವವರು ಯಾರು? ನಿಜವಾದ ತೀರ್ಮಾನಗಳೆಲ್ಲ ರಾತ್ರಿ ಎಂಟಕ್ಕೆ ಶಾಲೆಯ ಜಗಲಿಯಲ್ಲಿ. ನನಗಾಗ ಮಧ್ಯಾಹ್ನ ಮೂರೂವರೆ. ಯಾರಾದರೂ ಒಂದು ವೀಡಿಯೋ ಕಾಲ್ ಮಾಡಿದ್ದರೆ ಐದು ನಿಮಿಷ ಕೂತುಬಿಡುತ್ತಿದ್ದೆ. ಒಮ್ಮೆಯೂ ಬರಲಿಲ್ಲ.

ಊರಲ್ಲಿ ಬಾಯಿಮಾತೇ ಎಲ್ಲ, ಬರೆಯುವ ಕ್ರಮವೇ ಇಲ್ಲ ಅಂತ ನಾನು ತೀರ್ಮಾನಿಸಿಬಿಟ್ಟಿದ್ದೆ. ಆ ಸಲ ಶಾಲೆಗೆ ಹೋದಾಗ ಕಾರ್ಯದರ್ಶಿ ಗೆಳೆಯ ಕಪಾಟಿನ ಬೀಗ ತೆಗೆದು ಉದ್ದದ ಪುಸ್ತಕವೊಂದನ್ನು ನನ್ನ ಮುಂದಿಟ್ಟ. ಕೆಂಪು ರಟ್ಟು, ಮೂಲೆಗಳು ಸವೆದಿದ್ದವು. ಒಳಗೆ ನಿವೃತ್ತ ಮಾಸ್ತರರ ದುಂಡು ಅಕ್ಷರ. ಪ್ರತಿ ಸಭೆಯ ತಾರೀಕು, ಬಂದವರ ಸಹಿ, ನಿರ್ಣಯ ಒಂದು, ಎರಡು, ಮೂರು. "ನೇಮದ ಪ್ರಯುಕ್ತ ಕಾರ್ಯಕ್ರಮವನ್ನು ಏಳು ದಿನ ಮುಂಚಿತವಾಗಿ ನಡೆಸುವುದೆಂದು ತೀರ್ಮಾನಿಸಲಾಯಿತು." ಕೆಳಗೆ ಹದಿನಾಲ್ಕು ಸಹಿ. ನಮ್ಮ ಪ್ರೊಟೊಕೋಲ್‌ಗಿಂತ ಚೆಂದ ಇತ್ತು. ಹೊರಗಿದ್ದವರಿಗೆ ಯಾರು ತಿಳಿಸಬೇಕು ಎಂಬ ಒಂದು ಸಾಲು ಮಾತ್ರ ಇರಲಿಲ್ಲ.

ಒಪ್ಪಲು ಮನಸ್ಸು ಬರುವುದಿಲ್ಲ, ಆದರೂ ಹೇಳಲೇಬೇಕು. ಕೂಡಿ ಕೆಲಸ ಮಾಡಲೆಂದು ಇರುವ ಇಂಥ ಕಂಪ್ಯೂಟರ್ ಸಲಕರಣೆಗಳು ಯಾಕೆ ಸೋಲುತ್ತವೆ ಅಂತ ಕಂಪ್ಯೂಟರ್ ಸಂಶೋಧಕ ಜೊನಾಥನ್ ಗ್ರೂಡಿನ್ 1988ರಲ್ಲೇ ಬರೆದಿದ್ದರು. ಹೆಚ್ಚಿನ ಕೆಲಸ ಒಬ್ಬರ ತಲೆಗೆ, ಪ್ರಯೋಜನ ಇನ್ನೊಬ್ಬರಿಗೆ ಅಂತಾದರೆ ಅದು ನಡೆಯುವುದಿಲ್ಲ ಅನ್ನುವುದು ಅವರು ಹೇಳಿದ ಒಂದು ಕಾರಣ. ನನ್ನ ಗೆಳೆಯನದು ಜಿನಸಿನ ಅಂಗಡಿ. ದಿನವಿಡೀ ನಿಂತು, ಬಾಗಿಲು ಹಾಕಿ ಸಭೆಗೆ ಓಡುತ್ತಾನೆ. ಆಮೇಲೆ ಫೋನಿನ ಪುಟ್ಟ ಪರದೆಯಲ್ಲಿ ಚೌಕ ಚೌಕ ಒತ್ತಿ ನಾನೂರು ಹೆಸರು ತುಂಬಬೇಕಿತ್ತು. ಅದರಿಂದ ಅವನಿಗೇನು ಸಿಗುತ್ತಿತ್ತು? ಅವನ ಹತ್ತಿರ ಪುಸ್ತಕ ಇತ್ತು. ಶೀಟ್ ಬೇಕಾದದ್ದು ನನಗೆ. ನಮ್ಮ ಆಫೀಸಿನಲ್ಲಿ ಬರೆಯುವ ಹೊತ್ತಿಗೂ ಸಂಬಳ ಬರುತ್ತದೆ. ಅವನು ಮಾಡುತ್ತಿದ್ದದ್ದು ಊರಿನ ಕೆಲಸ. ಅಂದು ಎರಡು ಸಾವಿರ ಎಲೆ ಊಟ ಆಯಿತಂತೆ. ಯಾವ ಪಂಕ್ತಿಗೆ ಯಾರು ಬಡಿಸಬೇಕು ಅಂತ ಎಲ್ಲೂ ಬರೆದಿರಲಿಲ್ಲ, ಯಾರೂ ಹಸಿದು ಹೋಗಲೂ ಇಲ್ಲ.

ಆದರೂ ಒಂದು ಫೋಟೋ ತೆಗೆಯಲು ಎಷ್ಟು ಹೊತ್ತು ಬೇಕು? ಅದನ್ನೇ ಅವನಲ್ಲಿ ಕೇಳಿದೆ. ಶೀಟ್ ಬೇಡ, ಸಭೆ ಮುಗಿದ ಮೇಲೆ ಪುಸ್ತಕದ ಆ ಪುಟದ ಫೋಟೋ ಗ್ರೂಪಿಗೆ ಹಾಕಿ ಪಿನ್ ಮಾಡು, 30 ದಿನ ಎಲ್ಲಕ್ಕಿಂತ ಮೇಲೆಯೇ ಇರುತ್ತದೆ ಅಂದೆ. "ಅಷ್ಟೇಯಾ? ಮೊದ್ಲೇ ಹೇಳ್ಬಾರ್ದಿತ್ತಾ?" ಎಂದ.

ಈಗ ಶಾಲೆಗೆ ರಂಗಮಂದಿರ ಕಟ್ಟುವ ಮಾತು ನಡೆದಿದೆ. ಕಳೆದ ಗುರುವಾರ ಮೊದಲ ಪುಟ ಬಂತು. ಒಂದು ಮೂಲೆಯಲ್ಲಿ ಮಾಸ್ತರರ ಹೆಬ್ಬೆರಳು. ಅದರ ಪಕ್ಕದಲ್ಲೇ ನಿರ್ಣಯ ನಾಲ್ಕು: "ಪರವೂರಿನ ಹಳೆ ವಿದ್ಯಾರ್ಥಿಗಳ ಪಟ್ಟಿಯನ್ನು ಜರ್ಮನಿಯಲ್ಲಿರುವ ಸದಸ್ಯರು ತಯಾರಿಸುವುದು." ಅವತ್ತು ಸಂಜೆಯೇ ಮಸ್ಕತ್ತಿನಲ್ಲಿರುವ ಒಬ್ಬನಿಗೆ, ಮುಂಬಯಿಯ ಇಬ್ಬರಿಗೆ ಫೋನ್ ಮಾಡಿದೆ.